ನೂರ ಅರವತ್ತೆಂಟು ಗಂಟೆ

ಫೋನು ನನ್ನದೇ. ರಸೀದಿ ಐತೆ,
ಅಶೋಕ ರಸ್ತೆಯ ಅಂಗಡಿಯ ಮೊಹರೈತೆ,
ಹನ್ನೊಂದು ಕಂತು ಕಟ್ಟಿದ್ದಕ್ಕೆ
ಮಂಡಕ್ಕಿ ಚೀಲ ಹೊತ್ತ ಈ ಹೆಗಲೈತೆ.
ಆದರೂ ಅದರೊಳಗೊಂದು ಬಾಗಿಲೈತಂತೆ,
ಬೀಗದಕೈ ಕಂಪನಿಯವರ ಹತ್ತಿರವಂತೆ.
ತಿಪ್ಪೇಶಿ ಹೇಳಿದ.

“ಆರು ವರ್ಷ ಆಯ್ತಲ್ಲ ಮಾಬೂಬಕ್ಕ,
ಇನ್ನು ಇದಕ್ಕೆ ಹೊಸದೇನೂ ಕಳಿಸಲ್ಲ ಅವರು.”
ಮುದಿಯಾಯ್ತು ಅಂತ ತೀರ್ಮಾನ ಮಾಡಿದ್ದಾರೆ
ಮುಟ್ಟಿ ಸಹ ನೋಡದೆ.
ಗಾಜಿನ ಮೂಲೆ ಒಡೆದದ್ದು ನಿಜ,
ಭಟ್ಟಿಯ ಬೂದಿ ಸೇರಿ
ಅತ್ತಲವರ ದನಿ ಜರಡಿಯಿಂದ ಉದುರಿದ ಹಾಗೆ ಬರುವುದೂ ನಿಜ.
ಬ್ಯಾಟರಿ ಮಾತ್ರ ನನ್ನ ಹಾಗೇ,
ಫಜರ್‌ಗೆ ಎದ್ದರೆ ಮಗ್ರಿಬ್ ತನಕ ಕೂರುವುದಿಲ್ಲ.

ಬೇರೆ ಜೀವ ತುಂಬಬಹುದಂತೆ, ಅದೇ ಮೈಗೆ,
ಪುಕ್ಕಟೆ.
ಮೊದಲು ಬಾಗಿಲು ತೆಗೆಯಬೇಕು.
ಅರ್ಜಿ ಹಾಕಿದೆವು.
ಉತ್ತರ ಬಂತು: ನೂರ ಅರವತ್ತೆಂಟು ಗಂಟೆ ಕಾಯಿರಿ.
ಯಾಕಂತೆ, ಅಂದೆ.
“ನಿನ್ನ ಮನಸ್ಸು ಬದಲಾಗಬಹುದು ಅಂತ.”
ನನ್ನ ನಿಕಾಹ್‌ಗೆ ಇಷ್ಟು ಗಂಟೆ
ಯಾರೂ ಕೊಟ್ಟಿರಲಿಲ್ಲ.

“ತೆಗೆದ ಕೂಡಲೇ ಒಳಗಿದ್ದದ್ದೆಲ್ಲ ಅಳಿಸಿ ಹೋಗ್ತದೆ,
ಬೇಕಾದ್ದು ಇಳಿಸ್ಕೊ” ಅಂದು ಹೋದ.
ಮರಳು ತಣ್ಣಗಾದ ಮೇಲೆ
ನೋಟುಬುಕ್ಕು ಹಿಡಿದು ಕುಳಿತೆ.
ಹರಪನಹಳ್ಳಿಯ ಕೊಟ್ರಯ್ಯ, ಎರಡು ಚೀಲ ಬಾಕಿ.
ಜಗಳೂರಿನವನದು ತೀರಾ ಹಳೆಯದು, ಬಿಟ್ಟೆ.
ಭತ್ತ ತೂಗಿದ ಚೀಟಿಯ ಫೋಟೊ ನಲವತ್ತು.
ನನ್ನ ಮುಖ ಇರುವುದು ಮೂರರಲ್ಲಿ,
ಮೂರರಲ್ಲೂ ಯಾರನ್ನೋ ತೆಗೆಯಲು ಹೋಗಿ
ಅಂಚಿಗೆ ಸಿಕ್ಕಿದವಳು.

ಆಮೇಲೆ ಅದು.
ಚನ್ನಗಿರಿಯಿಂದ ತಂಗಿ ರಮೀಜಾ ಕಳಿಸಿದ ಬೈಗುಳ,
ನಾಲ್ಕು ನಿಮಿಷ ಹನ್ನೆರಡು ಸೆಕೆಂಡು.
ಎರಡನೇ ನಿಮಿಷಕ್ಕೇ ನಿಲ್ಲಿಸಿದ್ದೆ ಅವತ್ತು,
ಎರಡು ಬಕ್ರೀದು ಕಳೆದಿವೆ.
ಆರನೇ ರಾತ್ರಿ ಕಡೆ ತನಕ ಕೇಳಿದೆ.
ಬೈದು ಮುಗಿಸಿದ ಮೇಲೆ
ಬಟನ್ ಬಿಡಲು ಮರೆತಿದ್ದಾಳೆ ಹುಚ್ಚಿ.
ನಲ್ಲಿ ನೀರು, ಪಾತ್ರೆ,
ಯಾವುದೋ ಕೋಳಿಗೆ ಹುಶ್,
ಮತ್ತೆ ನೀರು.
ಇದನ್ನು ನೋಟುಬುಕ್ಕಿಗೆ
ಹೇಗೆ ಇಳಿಸೋದು?

ಏಳನೇ ದಿನ ಕಳೆಯಿತು.
ಉಪ್ಪಿನ ಮೂಟೆಯ ಮೇಲೆ ಲ್ಯಾಪ್‌ಟಾಪು.
ಕರಿಹಲಗೆಯಂಥ ಪರದೆ, ಬಿಳಿ ಅಕ್ಷರ.
ಮೊದಲ ವಯರು ಕೈಕೊಟ್ಟಿತು,
ಎರಡನೆಯದು ಪಕ್ಕದ ಭಟ್ಟಿಯ ಹುಡುಗನದು.
“ಪವರು, ದನಿ ತಗ್ಗಿಸೋ ಬಟನ್ನು,
ಎರಡೂ ಒತ್ತಿ ಹಿಡಿ ಅಕ್ಕ, ಬಿಡಬೇಡ.
ಎಡವಟ್ಟಾದರೆ ಇಟ್ಟಿಗೆ ಆಗ್ತದೆ.”
ಆಗಲಿ ಬಿಡೋ,
ಒಲೆಬಾಯಿಂದ ಒಂದು ಉದುರಿ ವರ್ಷವಾಯ್ತು,
ಅಲ್ಲಿಗೇ ಇಡೋಣ.
ಅವನು ನಗಲಿಲ್ಲ. ಅವನ ಬೆರಳು ನಡುಗುತ್ತಿತ್ತು.

ಮರಳು ಕಾದದ್ದು ನನ್ನ ಮೂಗಿಗೆ ತಿಳಿಯುತ್ತದೆ,
ಅಕ್ಕಿ ಅರಳಿದ್ದು ಕಿವಿಗೆ.
ಇದಕ್ಕೆ ವಾಸನೆ ಇಲ್ಲ, ಸದ್ದಿಲ್ಲ,
ಒಂದು ಸುತ್ತು ಮಾತ್ರ ತಿರುಗುತ್ತದೆ, ತಿರುಗುತ್ತದೆ,
ಬಾಷಾ ನಗರದ ಕರೆಂಟು ಹೋಗದಿರಲೆಂದು
ಇಬ್ಬರೂ ಅವರವರ ದೇವರನ್ನು ನೆನೆದೆವು.

ಬಂತು.
ಹೊಟ್ಟು ಕಳೆದ ಕಾಳಿನಂತೆ,
ಯಾರ ಹೆಸರೂ ಇಲ್ಲ ಒಳಗೆ, ಯಾರ ಬಾಕಿಯೂ ಇಲ್ಲ.
ನೆನಪಿನಿಂದ ಬರುವ ನಂಬರು
ಒಂದೇ ಒಂದು ನನಗೆ, ಬಾಲ್ಯದ ಬೈಗುಳದಂತೆ ಬಾಯಿಪಾಠ.
ಒತ್ತಿದೆ. ರಮೀಜಾ ಅಂತ ಬರೆದಿಟ್ಟೆ.
ಕರೆ ಮಾಡಿದೆನೇ ಅಂತ ಕೇಳಬೇಡಿ.

ಈಗ ಆನ್ ಮಾಡಿದಾಗಲೆಲ್ಲ
ತೆರೆದ ಬೀಗದ ಚಿತ್ರ ತೋರಿಸಿ ಎಚ್ಚರಿಸುತ್ತದೆ,
ಇದರ ಬಾಗಿಲು ತೆಗೆದೈತೆ, ಇದನ್ನು ನಂಬಬೇಡಿ ಅಂತ.
ಬ್ಯಾಂಕಿನ ಆ್ಯಪು ಹೊಸ್ತಿಲು ದಾಟಲಿಲ್ಲ,
ಹಾರ್ಲಿಕ್ಸ್ ಡಬ್ಬಿ ಮತ್ತೆ ಕೆಳಗಿಳಿಯಿತು,
ಚಿಲ್ಲರೆ ತುಂಬಿದೆ.
ಗಿರಾಕಿಗಳು ಗೊಣಗುತ್ತಾರೆ, ನೋಟು ಹುಡುಕುತ್ತಾರೆ,
ತಿಪ್ಪೇಶಿ ಅದಕ್ಕೂ ದಾರಿ ಐತೆ ಅನ್ನುತ್ತಾನೆ.
ಇರಲಿ, ನಿಧಾನಕ್ಕೆ ನೋಡೋಣ.

ಒಲೆಬಾಯಿಗೆ
ಇಟ್ಟಿಗೆ ಮಾತ್ರ ಇನ್ನೂ ಬೇಕು.